ಸುರತ್ಕಲ್‌ನಿಂದ ಮಣಿಪಾಲಕ್ಕೆ ದಿನಾ ಓಡಾಟ, ಬಾಡಿಗೆ ಫ್ಲ್ಯಾಟು: ಪೆಟ್ರೋಲ್ ಬಿಟ್ಟು ಇವಿ ತಗೊಳ್ಬಹುದಾ?

ಸುರತ್ಕಲ್_ಸವಾರ

ಎಲ್ರಿಗೂ ನಮಸ್ಕಾರ. ನಾನಿರುದು ಸುರತ್ಕಲ್‌ನಲ್ಲಿ ಬಾಡಿಗೆ ಫ್ಲ್ಯಾಟಲ್ಲಿ, ಕೆಲಸ ಮಣಿಪಾಲದಲ್ಲಿ. ಹೋಗಿ ಬರ್ಲಿಕ್ಕೆ ನೂರು ಕಿಮೀ ಹತ್ತಿರ ಆಗ್ತದೆ, ತಿಂಗಳಿಗೆ ಸುಮಾರು 2400. ಹಳೇ ಪೆಟ್ರೋಲ್ ಕಾರು ಲೀಟರಿಗೆ 16 ಕೊಡ್ತದೆ, ಪೆಟ್ರೋಲ್ ರೇಟ್ ನೂರು ದಾಟಿ ಎಷ್ಟೋ ಸಮಯ ಆಯ್ತು, ಹಾಗಾಗಿ ಬರೀ ಪೆಟ್ರೋಲಿಗೇ ತಿಂಗಳಿಗೆ 15 ಸಾವಿರ ಹೋಗ್ತದೆ, ಹೆಜಮಾಡಿ ಟೋಲ್ ಬೇರೆ. ಎಥನಾಲ್ 20 ಪರ್ಸೆಂಟ್ ಆದ ಮೇಲೆ ಮೈಲೇಜ್ ಇನ್ನೂ ಸ್ವಲ್ಪ ಇಳಿದ ಹಾಗೆ ಕಾಣ್ತದೆ. ಕಾರು ಬದಲಿಸುದು ಗ್ಯಾರಂಟಿ, ಯಾವುದು ಅನ್ನುದೇ ಪ್ರಶ್ನೆ.

ಅಪ್ಪ ಹೇಳುದು ಪೆಟ್ರೋಲೇ ತಗೋ, ಬ್ಯಾಟರಿ ಕಾರು ನಮ್ಮ ಊರಿನ ಮಳೆಗೆ ಆಗುದಿಲ್ಲ ಅಂತ. ಆಫೀಸಲ್ಲಿ ಇಬ್ಬರು ಇವಿ ತಗೊಂಡಿದ್ದಾರೆ, ಅವರು ಹೇಳುದು ಇನ್ನು ಐದು ವರ್ಷದಲ್ಲಿ ಪೆಟ್ರೋಲ್ ಕಾರನ್ನು ಕೇಳುವವರೇ ಇರುದಿಲ್ಲ ಅಂತ. ನಂಗೆ ಎರಡೂ ಪೂರ್ತಿ ಸರಿ ಅಂತ ಅನ್ನಿಸುದಿಲ್ಲ. ನನ್ನ ಮುಖ್ಯ ತಲೆಬಿಸಿ ಮೂರು. ಫ್ಲ್ಯಾಟಿನ ಓನರ್ ಪಾರ್ಕಿಂಗಲ್ಲಿ ಪ್ಲಗ್ ಹಾಕ್ಲಿಕ್ಕೆ ಒಪ್ತಾ ಇಲ್ಲ, ಬೆಂಕಿ ಹಿಡೀತದೆ ಅಂತ ಹೆದರಿಕೆ ಅವರಿಗೆ. ಎರಡನೇದು ಹೆಂಡತಿ ಮನೆ ತೀರ್ಥಹಳ್ಳಿ, ಆಗುಂಬೆ ಹತ್ತಬೇಕು. ಮೂರನೇದು ಬ್ಯಾಟರಿ ಹೋದ್ರೆ ಎಂತ ಮಾಡುದು. ನಿಜವಾಗಿ ಓಡಿಸ್ತಾ ಇರುವವರು ಹೇಳಿ, ಶೋರೂಮಿನವರ ಮಾತು ಕೇಳಿ ಕೇಳಿ ಸಾಕಾಯ್ತು.

ಕಾಪು_ಕಡಲು

ನಾನು ಇವಿ ಓಡಿಸುವವ, ಕಾಪುವಿನಲ್ಲಿ ಸ್ವಂತ ಮನೆ. ಮೊದಲು ಆಗುಂಬೆ ವಿಷಯ ಮುಗಿಸ್ತೇನೆ, ಅದಕ್ಕೆ ಅಷ್ಟು ಹೆದರ್ಲಿಕ್ಕಿಲ್ಲ. ಸೋಮೇಶ್ವರದಿಂದ ಮೇಲೆ ಆಗುಂಬೆಗೆ ಐನೂರು ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರ. ಒಂದೂವರೆ ಟನ್ನಿನ ಕಾರನ್ನು ಅಷ್ಟು ಎತ್ತರಕ್ಕೆ ಏರಿಸ್ಲಿಕ್ಕೆ ಬೇಕಾಗುದು ಲೆಕ್ಕದಲ್ಲಿ ಎರಡು ಯೂನಿಟ್ ಚಿಲ್ಲರೆ ಕರೆಂಟು, ಮೋಟರಿನ ನಷ್ಟ ಎಲ್ಲ ಸೇರಿ ಮೂರು ಅಂತ ಇಟ್ಕೊಳ್ಳಿ. 35 ಯೂನಿಟಿನ ಬ್ಯಾಟರಿಯಲ್ಲಿ ಅದೊಂದು ದೊಡ್ಡ ವಿಷಯ ಅಲ್ಲ, ಮತ್ತೆ ಇಳಿಯುವಾಗ ರೀಜೆನ್‌ನಲ್ಲಿ, ಅಂದ್ರೆ ಮೋಟರೇ ಕಾರನ್ನು ತಡೆದು ಕರೆಂಟು ಮಾಡುದ್ರಲ್ಲಿ, ಅರ್ಧಕ್ಕಿಂತ ಜಾಸ್ತಿ ವಾಪಸ್ ಬರ್ತದೆ, ಹದಿನಾಲ್ಕು ತಿರುವಲ್ಲೂ ಬ್ರೇಕ್ ತುಳಿಯುದೇ ಕಮ್ಮಿ. ಒಂದೇ ಮಾತು, ಮೇಲಿಂದ ಹೊರಡುವಾಗ ಬ್ಯಾಟರಿ ನೂರಕ್ಕೆ ನೂರು ತುಂಬಿಸಿ ಇಳಿಬೇಡಿ, ತುಂಬಿದ ಬ್ಯಾಟರಿ ರೀಜೆನ್ ತಗೊಳ್ಳುದಿಲ್ಲ. ತೀರ್ಥಹಳ್ಳಿ ಮನೇಲಿ 15 ಆಂಪ್ ಪ್ಲಗ್ ಇದ್ರೆ ರಾತ್ರಿ ಎಂಟು ಗಂಟೆಯಲ್ಲಿ 24 ಯೂನಿಟ್ ಹತ್ರ ಹೋಗ್ತದೆ, ಬೆಳಿಗ್ಗೆ ಹೊರಡ್ಲಿಕ್ಕೆ ಧಾರಾಳ ಸಾಕು.

ಖರ್ಚಿನ ಲೆಕ್ಕ: ಚಿಕ್ಕ ಇವಿ ಹೈವೇಯಲ್ಲಿ ಎಂಬತ್ತರೊಳಗೆ ಹೋದ್ರೆ ಯೂನಿಟಿಗೆ 7 ಕಿಮೀ ಬರ್ತದೆ. ನಿಮ್ಮ 2400ಕ್ಕೆ ಚಾರ್ಜಿಂಗ್ ನಷ್ಟ ಸೇರಿಸಿ 380 ಯೂನಿಟ್. ಮನೆ ಕರೆಂಟು ಟ್ಯಾಕ್ಸ್ ಗೀಕ್ಸ್ ಎಲ್ಲ ಸೇರಿ 7 ರೂಪಾಯಿ ಹಿಡಿದ್ರೂ 2700 ಆಗ್ತದೆ ಅಷ್ಟೇ. ಆದ್ರೆ ಒಂದು ವಿಷಯ ಶೋರೂಮಲ್ಲಿ ಯಾರೂ ಹೇಳುದಿಲ್ಲ, ಗೃಹಜ್ಯೋತಿ. ಮನೆಯ ಮೀಟರಿನಲ್ಲೇ ಕಾರು ಚಾರ್ಜ್ ಮಾಡಿದ್ರೆ 200 ಯೂನಿಟ್ ದಾಟ್ತದೆ, ದಾಟಿದ್ರೆ ಆ ತಿಂಗಳ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಈಗ ನಿಮ್ಗೆ ಸೊನ್ನೆ ಬಿಲ್ಲು ಬರ್ತಾ ಇದ್ರೆ ಅದನ್ನೂ ಖರ್ಚಿಗೆ ಸೇರಿಸಿ ನೋಡಿ. ಮೆಸ್ಕಾಂನಲ್ಲಿ ಇವಿಗೆ ಅಂತ ಬೇರೆ ಮೀಟರ್ ತಗೊಳ್ಬಹುದು, ಅದಕ್ಕೆ ದರವೂ ಬೇರೆ.

ಹೊರಗಿನ ಫಾಸ್ಟ್ ಚಾರ್ಜರನ್ನೇ ನಂಬಿದ್ರೆ ಯೂನಿಟಿಗೆ 20ರ ಆಸುಪಾಸು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಆಗ ತಿಂಗಳಿಗೆ ಎಂಟು ಸಾವಿರದ ಮೇಲೆ ಹೋಗ್ತದೆ. ಉಳಿತಾಯ ಆಗಲೂ ಉಂಟು, ಆದ್ರೆ ದಿನಾ ಸಂಜೆ ಚಾರ್ಜರ್ ಹತ್ರ ಕೂತು ಕಾಯುದು, ಅದು ಕೆಟ್ಟು ನಿಂತ ದಿನ ಮುಂದಿನ ಊರಿಗೆ ಹುಡುಕ್ತಾ ಹೋಗುದು, ಅದು ಬದುಕಲ್ಲ. ಸ್ವಂತ ಪ್ಲಗ್ ಇದ್ದವನಿಗೂ ಇಲ್ಲದವನಿಗೂ ಇವಿ ಎರಡು ಬೇರೆ ಬೇರೆ ವಾಹನ ಅಂತಲೇ ನನ್ನ ಅಭಿಪ್ರಾಯ.

ಬೈಕಂಪಾಡಿ_ಗ್ಯಾರೇಜ್

ನಾನು ಗ್ಯಾರೇಜಿನವ. ಸವಾರರೇ, ಇವಿ ಬೇಡ ಅಂತ ನಾನು ಹೇಳುದಿಲ್ಲ, ಆದ್ರೆ ಕೆಲವು ವಿಷಯ ತಿಳ್ಕೊಂಡು ತಗೊಳ್ಳಿ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ, ಬ್ರೇಕ್ ಪ್ಯಾಡ್ ಸಹ ತುಂಬಾ ದಿನ ಬರ್ತದೆ, ಅದೆಲ್ಲ ನಿಜ. ಆದ್ರೆ ಗಾಡಿ ಭಾರ, ಎತ್ತಿಕೊಳ್ಳುವ ಸ್ಪೀಡ್ ಜಾಸ್ತಿ, ಟಯರು ಬೇಗ ಸವೀತದೆ. ಕಡಲ ಬದಿಯ ಉಪ್ಪು ಗಾಳಿ ಇವಿಯನ್ನೂ ಬಿಡುದಿಲ್ಲ, ಅಡಿಯ ತುಕ್ಕು, ಸಸ್ಪೆನ್ಶನ್ ಬುಷ್, ಇದೆಲ್ಲ ಪೆಟ್ರೋಲ್ ಕಾರಿನ ಹಾಗೇ. ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಇರುವ ಕಡೆ ನಮ್ಮಂಥವರು ಕೈ ಹಾಕುದು ಅಪಾಯ, ಹಾಗಾಗಿ ಸಣ್ಣದಕ್ಕೂ ಕಂಪನಿ ಸರ್ವೀಸಿಗೇ ಹೋಗ್ಬೇಕು. ನಮ್ಮ ಹತ್ರ ಕೆಲಸ ಕಲೀತಾ ಇರುವ ಹುಡುಗರಿಗೆ ಹೈವೋಲ್ಟೇಜ್ ತರಬೇತಿ ಯಾರು ಕೊಡ್ತಾರೆ? ಪೆಟ್ರೋಲ್ ಹೋಗಿ ಇವಿ ಬರಬೇಕು ಅಂತ ಬರೆಯುವವರು ಈ ಪ್ರಶ್ನೆಯನ್ನೂ ಕೇಳ್ಬೇಕು ಅಂತ ನನ್ನ ಕೋರಿಕೆ, ಇಡೀ ಜಿಲ್ಲೆಯಲ್ಲಿ ಎಷ್ಟು ಸಂಸಾರ ಇದರಲ್ಲೇ ನಡೀತದೆ.

ಮತ್ತೆ ಅರ್ತಿಂಗ್. ನಮ್ಮದು ಮುರಕಲ್ಲಿನ ನೆಲ, ಮಾರ್ಚ್ ಏಪ್ರಿಲಲ್ಲಿ ಒಣಗಿ ಹೋಗ್ತದೆ, ಅರ್ತ್ ಸರಿ ಸಿಗುದಿಲ್ಲ, ಚಾರ್ಜರ್ ಲೈಟ್ ಕೆಂಪಾಗಿ ನಿಲ್ತದೆ. ಕಾರಲ್ಲಿ ದೋಷ ಅಂತ ಓಡಿ ಬರ್ತಾರೆ, ನೋಡಿದ್ರೆ ದೋಷ ನೆಲದ್ದು. ಒಳ್ಳೆ ಅರ್ತ್ ಪಿಟ್ ಮಾಡಿಸಿ, ಬೇಸಿಗೆಯಲ್ಲಿ ನೀರು ಹಾಕಿ. ಸಿಡಿಲಿನ ಸಮಯ ಪ್ಲಗ್ ತೆಗೆದಿಡಿ.

ಮಳೆಯ ವಿಷಯ ನಿಮ್ಮ ತಂದೆಯವರಿಗೆ ಹೇಳಿ, ಈಗಿನ ಬ್ಯಾಟರಿ ಐಪಿ 67, ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇಟ್ರೂ ಒಳಗೆ ನೀರು ಹೋಗ್ಬಾರದು ಅಂತ ಟೆಸ್ಟ್ ಆದದ್ದು. ಪೆಟ್ರೋಲ್ ಕಾರು ಅಷ್ಟು ನೀರಿಗೆ ಇಳಿದ್ರೆ ಎಂಜಿನ್ ನೀರು ಎಳ್ಕೊಂಡು ಕನೆಕ್ಟಿಂಗ್ ರಾಡ್ ಬಗ್ಗಿ ಹೋಗ್ತದೆ. ಹಾಗಂತ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಯಾವ ಕಾರನ್ನೂ ಇಳಿಸ್ಬೇಡಿ.

ಪಡುಬಿದ್ರಿ_ಪೇಟೆ

ಎಲ್ಲರೂ ದುಡ್ಡಿನ ಲೆಕ್ಕ ಮಾತಾಡ್ತಾ ಇದ್ದೀರಿ. ಹೊಗೆ ಇಲ್ಲದ ಕಾರು ಅಂತಾರೆ, ಆದ್ರೆ ಕರೆಂಟು ಎಲ್ಲಿಂದ? ನಮ್ಮ ಪಕ್ಕ ಎಲ್ಲೂರು ನಂದಿಕೂರಲ್ಲೇ 1200 ಮೆಗಾವ್ಯಾಟಿನ ಸ್ಥಾವರ ಉಂಟು, ಸುಡುದು ಹೊರದೇಶದ ಕಲ್ಲಿದ್ದಲು, ಪಣಂಬೂರು ಬಂದರಿಗೆ ಬಂದು ರೈಲಲ್ಲಿ ಬರ್ತದೆ. ದೇಶದ ಕರೆಂಟಿನಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸು ಕಲ್ಲಿದ್ದಲಿಂದ. ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿ ಗಾಳಿ ಚೊಕ್ಕ ಆಗ್ತದೆ, ಬೂದಿ ಮಾತ್ರ ಹಳ್ಳಿಯಲ್ಲಿ ಉಳೀತದೆ. ಬ್ಯಾಟರಿಗೆ ಬೇಕಾದ ಲಿಥಿಯಂ ಕೋಬಾಲ್ಟ್ ಎಲ್ಲ ಬೇರೆಯವರ ನೆಲ ಅಗೆದು ತರುದು. ಇದನ್ನು ಪರಿಸರಸ್ನೇಹಿ ಅಂತ ಹೇಗೆ ಹೇಳುದು ನೀವೇ ಹೇಳಿ.

ಕಾಪು_ಕಡಲು

ಪಡುಬಿದ್ರಿಯವರೇ, ನಿಮ್ಮ ಮಾತಿನಲ್ಲಿ ಸತ್ಯ ಉಂಟು, ಅದನ್ನು ಯಾರೂ ತಳ್ಳಿಹಾಕಬಾರದು. ಆದ್ರೆ ಲೆಕ್ಕವನ್ನೂ ನೋಡುವ. ದೇಶದ ಒಟ್ಟು ಗ್ರಿಡ್ಡಿನ ಸರಾಸರಿ ಹಿಡಿದ್ರೆ ಒಂದು ಯೂನಿಟಿಗೆ 700 ಗ್ರಾಂ ಚಿಲ್ಲರೆ ಇಂಗಾಲದ ಡೈಆಕ್ಸೈಡ್. ನಷ್ಟ ಸೇರಿಸಿ 7ರಿಂದ ಭಾಗಿಸಿದ್ರೆ ಕಿಮೀಗೆ ಸುಮಾರು 115 ಗ್ರಾಂ ಬರ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ 2.3 ಕೆಜಿ, 16ರಿಂದ ಭಾಗಿಸಿ, 144. ಅದೂ ಬರೀ ಸೈಲೆನ್ಸರಿಂದ ಹೊರಗೆ ಬರುದು. ಕಚ್ಚಾ ತೈಲ ಹಡಗಲ್ಲಿ ತಂದು ಕುತ್ತೆತ್ತೂರಿನ ಎಂಆರ್‌ಪಿಎಲ್ ರಿಫೈನರಿಯಲ್ಲಿ ಶುದ್ಧ ಮಾಡಿ ಟ್ಯಾಂಕರಲ್ಲಿ ಪಂಪಿಗೆ ಬರುವಷ್ಟರಲ್ಲಿ ಇನ್ನೂ ಸೇರ್ತದೆ. ನಮಗೆ ನಂದಿಕೂರು ಹತ್ತಿರ, ಕುತ್ತೆತ್ತೂರೂ ಹತ್ತಿರ, ಎರಡೂ ಕಣ್ಣಿಗೆ ಕಾಣ್ತದೆ. ಬ್ಯಾಟರಿ ತಯಾರಿಸುವಾಗ ಎರಡು ಮೂರು ಟನ್ ಹೊಗೆ ಮೊದಲೇ ಆಗಿರ್ತದೆ, ಅದು ತೀರ್ಲಿಕ್ಕೆ ಐವತ್ತು ಸಾವಿರ ಕಿಮೀ ಆದ್ರೂ ಓಡ್ಬೇಕು. ಸವಾರರಿಗೆ ಅದು ಎರಡೇ ವರ್ಷ. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಕಾರು ತೆಗೆಯುವವರಿಗೆ ಹತ್ತು ವರ್ಷ ಆಗ್ತದೆ, ಅವರು ಇರುವ ಪೆಟ್ರೋಲ್ ಕಾರನ್ನೇ ಇಟ್ಕೊಳ್ಳುದು ಒಳ್ಳೇದು.

ಮತ್ತೊಂದು, ಕಾರು ಅದೇ ಇದ್ರೂ ಕರೆಂಟು ಬದಲಾಗ್ತಾ ಹೋಗ್ತದೆ. ನಮ್ಮ ರಾಜ್ಯದಲ್ಲಿ ಶರಾವತಿ ಉಂಟು, ನಮ್ಮದೇ ವಾರಾಹಿ 460 ಮೆಗಾವ್ಯಾಟ್, ಕೈಗಾ ಉಂಟು, ಪಾವಗಡದ ಸೋಲಾರ್ 2050 ಮೆಗಾವ್ಯಾಟ್. ಹೊಸ ಇವಿಗಳಲ್ಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಜಾಸ್ತಿ, ಅದರಲ್ಲಿ ಕೋಬಾಲ್ಟ್ ಇಲ್ಲವೇ ಇಲ್ಲ.

ಪಡುಬಿದ್ರಿ_ಪೇಟೆ

ಪಾವಗಡದ ಸೋಲಾರ್ ಹಗಲಿಗೆ. ಕಾರು ಚಾರ್ಜ್ ಮಾಡುದು ಎಲ್ಲರೂ ರಾತ್ರಿ. ರಾತ್ರಿ ಉರಿಯುದು ಕಲ್ಲಿದ್ದಲೇ. ನಾರ್ವೆಯಲ್ಲಿ 2024ರಲ್ಲಿ ಹೊಸ ಕಾರಿನಲ್ಲಿ ನೂರಕ್ಕೆ 88ಕ್ಕಿಂತ ಜಾಸ್ತಿ ಇವಿ ಅಂತ ಎಲ್ಲರೂ ಕುಣಿಯುದು, ಆದ್ರೆ ಅಲ್ಲಿ ಕರೆಂಟೆಲ್ಲ ಹೆಚ್ಚುಕಮ್ಮಿ ನೀರಿಂದ, ಮತ್ತೆ ಪೆಟ್ರೋಲ್ ಕಾರಿಗೆ ಭಾರೀ ಟ್ಯಾಕ್ಸ್ ಹಾಕಿ ವರ್ಷಗಟ್ಲೆ ಇವಿಗೆ ಬಿಟ್ಟದ್ದು. ನಮ್ಮಲ್ಲಿ ಅದೇ ವರ್ಷ ನೂರಕ್ಕೆ ಎರಡು ಮೂರು ಅಷ್ಟೇ. ಐದು ವರ್ಷದಲ್ಲಿ ಪೆಟ್ರೋಲ್ ಕಾರು ಕೇಳುವವರಿಲ್ಲ ಅನ್ನುದು ಆಗುವ ಮಾತಲ್ಲ.

ಮಂಗಳಾದೇವಿ_ಆಟೋ

ಸಿಎನ್‌ಜಿ ಯಾಕೆ ಯಾರೂ ಹೇಳುದಿಲ್ಲ? ಕೊಚ್ಚಿ ಮಂಗಳೂರು ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲೇ ಶುರು ಆಯ್ತಲ್ಲ. ಕೆಜಿಗೆ 25 ಕಿಮೀ ಹತ್ರ ಬರ್ತದೆ, ಪ್ಲಗ್ಗಿಗೆ ಓನರ್ ಕಾಲು ಹಿಡಿಯುದು ಬೇಡ. ಪಂಪಲ್ಲಿ ಕ್ಯೂ ಉಂಟು, ಡಿಕ್ಕಿ ಜಾಗ ಹೋಗ್ತದೆ, ಅಷ್ಟೇ. ಬಾಡಿಗೆ ಮನೇಲಿ ಇರುವಷ್ಟು ದಿನ ಅದೇ ಸರಿ ಅಂತ ನಂಗೆ ಕಾಣ್ತದೆ.

ಕದ್ರಿ_ಅಸೋಸಿಯೇಷನ್

ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಕೆಲಸ ನಾನು ನೋಡಿಕೊಳ್ಳುದು, ಇದೇ ಜಗಳ ನಮ್ಮಲ್ಲೂ ಆಗಿತ್ತು, ಹಾಗಾಗಿ ಓನರ್ ಹತ್ರ ಹೇಗೆ ಮಾತಾಡ್ಬೇಕು ಅಂತ ಹೇಳ್ತೇನೆ. ಜಗಳ ಶುರು ಆಗುದೇ ಕಾಮನ್ ಮೀಟರಿಂದ ಪ್ಲಗ್ ಎಳೆದಾಗ. ಲಿಫ್ಟು, ಪಂಪು, ಮೆಟ್ಟಿಲ ಲೈಟು ಓಡುವ ಮೀಟರಿಂದ ಒಬ್ಬರ ಕಾರಿಗೆ ಯಾಕೆ ಅಂತ ಎಲ್ಲರೂ ಕೇಳ್ತಾರೆ, ಕೇಳುದು ನ್ಯಾಯವೇ. ಅದರ ಬದಲು ನಿಮ್ಮ ಫ್ಲ್ಯಾಟಿನದ್ದೇ ಮೀಟರ್, ಕೆಳಗೆ ಮೀಟರ್ ಬೋರ್ಡಲ್ಲಿ ಇರ್ತದಲ್ಲ, ಅದರಿಂದ ಬೇರೆ ಎಂಸಿಬಿ ಮತ್ತೆ ಆರ್‌ಸಿಸಿಬಿ (ಲೋಡ್ ಜಾಸ್ತಿ ಆದ್ರೆ, ಕರೆಂಟು ಸೋರಿದ್ರೆ ತಾನೇ ಆಫ್ ಆಗುವ ಸ್ವಿಚ್ಚುಗಳು) ಹಾಕಿ ಪೈಪಲ್ಲಿ ಕೇಬಲ್ ಎಳೆಸಿ, 15 ಆಂಪ್ ಪ್ಲಗ್ಗಿಗೂ 4 ಸ್ಕ್ವೇರ್ ಎಂಎಂ ತಾಮ್ರದ್ದೇ ಹಾಕ್ಸಿ, ಕಡಿಮೆ ದಪ್ಪದ್ದು ಗಂಟೆಗಟ್ಲೆ ಲೋಡಿಗೆ ಬಿಸಿ ಆಗ್ತದೆ. ಬಹಳ ಸಲ ಬೆಂಕಿ ಹಿಡಿಯುದು ಇಂಥ ಸಡಿಲ ಪ್ಲಗ್ಗು, ಎಕ್ಸ್‌ಟೆನ್ಶನ್ ಬೋರ್ಡಿಂದ, ಓನರಿನ ಹೆದರಿಕೆಗೆ ಉತ್ತರ ಅದೇ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಕೈಯಲ್ಲೇ ಮಾಡಿಸಿ. ಸ್ಯಾಂಕ್ಷನ್ ಲೋಡ್, ಅಂದ್ರೆ ನಿಮ್ಮ ಕನೆಕ್ಷನಿಗೆ ಮಂಜೂರಾದ ಕಿಲೋವ್ಯಾಟ್, ಸಾಲದಿದ್ರೆ ಮೆಸ್ಕಾಂಗೆ ಅರ್ಜಿ ಕೊಟ್ಟು ಏರಿಸ್ಬೇಕು, ಫಿಕ್ಸೆಡ್ ಚಾರ್ಜ್ ಸ್ವಲ್ಪ ಏರ್ತದೆ, ಅದು ನೀವೇ ಕಟ್ತೀರಿ ಅಂತ ಓನರಿಗೆ ಬರೆದು ಕೊಡಿ. ಈಗಿರುವ ಕನೆಕ್ಷನಿಂದಲೇ ಮನೇಲಿ ಚಾರ್ಜ್ ಮಾಡಬಹುದು ಅಂತ ಕೇಂದ್ರದ ವಿದ್ಯುತ್ ಸಚಿವಾಲಯದ ಮಾರ್ಗಸೂಚಿಯಲ್ಲೇ ಉಂಟು, ಅದರ ಪ್ರಿಂಟ್ ಒಂದು ಜೊತೆಗೆ ಇಡಿ.

ಬ್ಯಾಟರಿ ವಾರಂಟಿ ಬಗ್ಗೆ ಯಾರೂ ಹೇಳ್ಲಿಲ್ಲ. ಸಾಮಾನ್ಯ 8 ವರ್ಷ ಅಥವಾ 1.6 ಲಕ್ಷ ಕಿಮೀ, ಯಾವುದು ಮೊದಲೋ ಅದು. ನಿಮ್ಮ ಓಡಾಟಕ್ಕೆ ವರ್ಷಕ್ಕೆ 29 ಸಾವಿರ ಆಗ್ತದೆ, ಅಂದ್ರೆ ಐದೂವರೆ ವರ್ಷಕ್ಕೇ ವಾರಂಟಿ ಮುಗೀತದೆ. ಈಗ ಕೆಲವು ಮಾಡೆಲಿಗೆ ಮೊದಲ ಮಾಲಕರಿಗೆ ಲೈಫ್‌ಟೈಮ್ ವಾರಂಟಿ ಕೊಡ್ತಾರೆ, ನೀವು ಅಂಥದ್ದನ್ನೇ ನೋಡಿ, ಷರತ್ತು ಪೂರ್ತಿ ಓದಿ.

ಸುರತ್ಕಲ್_ಸವಾರ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಎಲ್ಲೂ ಸಿಕ್ಕಿರ್ಲಿಲ್ಲ. ಕದ್ರಿಯವರು ಹೇಳಿದ ಹಾಗೆ ಓನರ್ ಹತ್ರ ಬರೆದೇ ಕೊಡ್ತೇನೆ. ಒಪ್ಪದಿದ್ರೆ ಆಫೀಸಲ್ಲಿ ಚಾರ್ಜ್ ಮಾಡಿ ದಿನಾ ಓಡಾಡ್ಲಿಕ್ಕೆ ಆಗ್ತದಾ? ಅಲ್ಲಿ ಪಾರ್ಕಿಂಗ್ ಶೆಡ್ ಉಂಟು, ಪ್ಲಗ್ ಇಲ್ಲ.

ಕಾಪು_ಕಡಲು

ಖಂಡಿತ ಆಗ್ತದೆ, ನಿಜ ಹೇಳ್ಬೇಕಾದ್ರೆ ಮನೆಗಿಂತ ಅದೇ ಒಳ್ಳೇದು. ನಿಮ್ಗೆ ದಿನಕ್ಕೆ ಬೇಕಾದದ್ದು 15-16 ಯೂನಿಟ್. 15 ಆಂಪ್ ಪ್ಲಗ್ಗಲ್ಲಿ ಐದೂವರೆ ಗಂಟೆ ಸಾಕು, ಡ್ಯೂಟಿ ಮುಗಿಯುವ ಮೊದಲೇ ತುಂಬಿರ್ತದೆ. ಮತ್ತೆ ಅದು ಹಗಲಿನ ಕರೆಂಟು, ಸೋಲಾರ್ ಜೋರಾಗಿ ಬರುವ ಹೊತ್ತು, ಪಡುಬಿದ್ರಿಯವರು ಕೇಳಿದ ಪ್ರಶ್ನೆಗೆ ಒಂದು ಉತ್ತರವೂ ಆಗ್ತದೆ. ನಿಮ್ಮ ಆಫೀಸಲ್ಲಿ ಇವಿ ಇರುವ ಇಬ್ಬರನ್ನೂ ಸೇರಿಸಿ ಒಟ್ಟಿಗೆ ಅರ್ಜಿ ಕೊಡಿ. ಪುಕ್ಕಟೆ ಕೇಳ್ಬೇಡಿ, ಪ್ಲಗ್ಗಿಗೆ ಸಬ್‌ಮೀಟರ್ ಹಾಕಿ, ಯೂನಿಟಿಗೆ ಆಫೀಸು ಕಟ್ಟುವ ರೇಟನ್ನೇ ನಾವು ಕೊಡ್ತೇವೆ ಅಂತ ಬರೀರಿ. ಓನರ್ ಇಲ್ಲವೇ ಆಫೀಸು, ಎರಡರಲ್ಲಿ ಒಂದು ಕಡೆ ಆದ್ರೂ ಬರವಣಿಗೆಯಲ್ಲಿ ಒಪ್ಪಿಗೆ ಬರುವ ತನಕ ಕಾರು ಬುಕ್ ಮಾಡ್ಬೇಡಿ.