ಪೆಂಗ್ವಿನ್ನಿಗೆ ಸುಂಕ, ಬಾಳೆಹಣ್ಣಿಗೆ ಸರ್ಟಿಫಿಕೇಟು

"ಅಲ್ರೀ, ಪೆಂಗ್ವಿನ್‌ಗಳು ಅಮೆರಿಕಕ್ಕೆ ಏನು ಮಾರ್ತವೆ?" ಅಂತ ಮೇಷ್ಟ್ರು ಕೇಳಿದರು. ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಭೂಪಟದ ಮೇಲೆ ಯಾರು ಕೈಯಾಡಿಸಿದರೂ ತಮ್ಮ ಮನೆ ಬೀರುವನ್ನೇ ತೆಗೆದ ಹಾಗೆ ಸಿಟ್ಟಾಗುತ್ತಾರೆ.

2025ರ ಏಪ್ರಿಲ್ 2ರಂದು ಟ್ರಂಪ್ ದೊಡ್ಡ ಬೋರ್ಡು ಹಿಡಿದು ಸುಂಕ ಓದಿದರಲ್ಲ, ಆ ದಿನದ ಪಟ್ಟಿಯಲ್ಲಿ ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ದ್ವೀಪಗಳೂ ಇದ್ದವು. ಶೇ. 10. ಆಸ್ಟ್ರೇಲಿಯಾಕ್ಕೆ ಸೇರಿದ ಜಾಗ, ಅಂಟಾರ್ಕ್ಟಿಕಾ ಕಡೆಗೆ. ಒಂದು ನರಪಿಳ್ಳೆಯೂ ಅಲ್ಲಿಲ್ಲ, ಇರೋದು ಪೆಂಗ್ವಿನ್‌ಗಳು.

"ಸುಮ್ನೆ ನಗಬೇಡಿ," ಎಂದರು ವಕೀಲರು. ಅವರಿಗೆ ಯಾರಾದರೂ ಒಬ್ಬ ಕಕ್ಷಿದಾರ ಬೇಕು, ಅಷ್ಟೇ. "ಅಲ್ಲಿಂದ ಕಳ್ಳದಾರಿಯಲ್ಲಿ ಸರಕು ನುಗ್ಗಬಾರದು ಅಂತ ಹಾಕಿದ್ದು. ವಾಣಿಜ್ಯ ಸಚಿವ ಲುಟ್ನಿಕ್ ಅವರೇ ಹಾಗಂದಿದ್ದಾರೆ."

"ಬಂದರೇ ಇಲ್ಲದ ಕಡೆ ಹಡಗು ಎಲ್ಲಿ ನಿಲ್ಲುತ್ತೆ, ವಕೀಲ್ರೇ?"

"ಅದಕ್ಕೆ ಮುಂದಿನ ವಾಯಿದೆ ಕೇಳ್ತೀನಿ."

ಮೇಷ್ಟ್ರ ಅಸಲಿ ಸಂಕಟ ಮೆಕ್ಸಿಕೋ ಕೊಲ್ಲಿಯದ್ದು. ಟ್ರಂಪ್ ಅದರ ಹೆಸರು ಬದಲಿಸಿದ ಮೇಲೆ, ಗೂಗಲ್ ಮ್ಯಾಪನ್ನು ಅಮೆರಿಕದಲ್ಲಿ ಕೂತು ನೋಡಿದರೆ ಅದು ಅಮೆರಿಕ ಕೊಲ್ಲಿ. ಮೆಕ್ಸಿಕೋದಲ್ಲಿ ಕೂತರೆ ಮೆಕ್ಸಿಕೋ ಕೊಲ್ಲಿ. ಬೇರೆ ಕಡೆ ಎರಡೂ ಹೆಸರು. "ಮಕ್ಕಳು ಪರೀಕ್ಷೆಯಲ್ಲಿ ಯಾವುದು ಬರೆದರೆ ಮಾರ್ಕ್ಸು?" ಎಂದರು. ಎಲ್ಲಿ ಕೂತು ಬರೆದರು ಅಂತ ವಿಚಾರಿಸಿ ಕೊಡಿ ಎಂದೆ. ಮೆಕ್ಸಿಕೋದ ಅಧ್ಯಕ್ಷೆ ಶೇನ್‌ಬಾಮ್ 1607ರ ನಕ್ಷೆ ತೋರಿಸಿ, ಹಾಗಾದ್ರೆ ನಿಮ್ಮ ಕಡೆಯನ್ನೆಲ್ಲ 'ಮೆಕ್ಸಿಕನ್ ಅಮೆರಿಕ' ಅನ್ನೋಣ್ವಾ ಅಂತ ಕೆಣಕಿದ್ದಕ್ಕೆ ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು. ಆದರೆ ಹಳೇ ಹೆಸರನ್ನೇ ಬರೀತೀವಿ ಅಂದ ಎಪಿ ಸುದ್ದಿಸಂಸ್ಥೆಯ ವರದಿಗಾರರನ್ನು ಶ್ವೇತಭವನದ ಕಾರ್ಯಕ್ರಮಗಳಿಂದ ಹೊರಗಿಟ್ಟರಲ್ಲ, ಅಲ್ಲಿಗೆ ನನ್ನ ನಗು ನಿಂತಿತು. ಪೆಂಗ್ವಿನ್ನಿಗೆ ಸುಂಕ ಹಾಕಿದರೆ ಪೆಂಗ್ವಿನ್ನಿಗೇನೂ ನಷ್ಟವಿಲ್ಲ.

"ಜಗಳ ಆಡೋದಾದ್ರೆ ಹ್ಯಾನ್ಸ್ ದ್ವೀಪದ ಥರ ಆಡ್ಬೇಕು," ಅಂತ ಬ್ಯಾಂಕಿನ ಅಕ್ಕ ಬಾಯಿ ಹಾಕಿದರು. ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡಿಗೂ ಕೆನಡಾಕ್ಕೂ ನಡುವೆ ಇರುವ ಬರೀ ಕಲ್ಲುಬಂಡೆ, ಒಂದು ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. 1984ರಲ್ಲಿ ಕೆನಡಾದವರು ಹೋಗಿ ಬಾವುಟ ನೆಟ್ಟು, ಜೊತೆಗೊಂದು ವಿಸ್ಕಿ ಬಾಟಲಿ ಇಟ್ಟು ಬಂದರು. ಡೆನ್ಮಾರ್ಕಿನ ಮಂತ್ರಿ ಹೋಗಿ ತಮ್ಮ ಬಾವುಟ ನೆಟ್ಟು ಶ್ನಾಪ್ಸ್ ಅನ್ನೋ ಮದ್ಯದ ಬಾಟಲಿ ಇಟ್ಟರು. ಹೀಗೇ ನಡೀತಾ ಬಂತು. 2022ರಲ್ಲಿ ಬಂಡೆಯನ್ನು ಪಾಲು ಮಾಡಿಕೊಂಡರು.

"ಪಾಲು ಸರಿ. ಬಾಟಲಿಗಳು ಯಾರ ಪಾಲಿಗೆ?" ಎಂದರು ವಕೀಲರು. ಕೆನಡಾಕ್ಕೂ ಡೆನ್ಮಾರ್ಕಿಗೂ ಈಗ ನೆಲದ ಗಡಿ ಇದೆ ಅನ್ನೋದನ್ನು ಮೇಷ್ಟ್ರು ಮೂರು ಸಲ ಹೇಳಿಸಿಕೊಂಡರು. ಅವರಿಗೆ ಅಷ್ಟು ಖುಷಿ.

ಡೆನ್ಮಾರ್ಕ್ ಅಂದ ಮೇಲೆ ಗ್ರೀನ್‌ಲ್ಯಾಂಡ್ ಬರಲೇಬೇಕಲ್ಲ. 2019ರಲ್ಲೇ ಟ್ರಂಪ್ ಕೊಳ್ಳುವ ಮಾತೆತ್ತಿದ್ದರು, 2025ರಲ್ಲಿ ಮತ್ತೆ ಎತ್ತಿದರು. 1946ರಲ್ಲಿ ಟ್ರೂಮನ್ ಸರ್ಕಾರವೂ 10 ಕೋಟಿ ಡಾಲರಿನ ಚಿನ್ನ ಕೊಡ್ತೀವಿ ಅಂದಿತ್ತು. ವಕೀಲರು ಈಗ ಎದುರು ಪಕ್ಷಕ್ಕೆ ಜಿಗಿದರು. "ದಾಖಲೆ ಇದೆ ಸ್ವಾಮಿ. 1917ರಲ್ಲಿ ಡೆನ್ಮಾರ್ಕಿನ ವೆಸ್ಟ್ ಇಂಡೀಸ್ ದ್ವೀಪಗಳು 2.5 ಕೋಟಿ ಡಾಲರಿಗೆ ಅಮೆರಿಕದ ಕೈಗೆ ಬಂದವು. ಆ ವ್ಯವಹಾರದಲ್ಲೇ, ಗ್ರೀನ್‌ಲ್ಯಾಂಡ್ ಪೂರ್ತಿ ಡೆನ್ಮಾರ್ಕಿನದಾದರೆ ನಮ್ಮ ತಕರಾರಿಲ್ಲ ಅಂತ ಅಮೆರಿಕವೇ ಬರೆದುಕೊಟ್ಟಿದೆ."

ಅಕ್ಕ ಅಷ್ಟರಲ್ಲಿ ಲೆಕ್ಕಕ್ಕೆ ಇಳಿದಿದ್ದರು. "1867ರಲ್ಲಿ ರಷ್ಯಾದಿಂದ ಅಲಾಸ್ಕಾ ಕೊಂಡಿದ್ದು 72 ಲಕ್ಷ ಡಾಲರಿಗೆ. 2024ರ ನವೆಂಬರಿನಲ್ಲಿ ಇಟಲಿಯ ಕಲಾವಿದ ಕ್ಯಾಟೆಲಾನ್ ಅವರ ಬಾಳೆಹಣ್ಣು ಹರಾಜಾಗಿದ್ದು 62 ಲಕ್ಷ ಡಾಲರಿಗೆ. ಗೋಡೆಗೆ ಟೇಪು ಹಚ್ಚಿ ಅಂಟಿಸಿದ ಒಂದೇ ಒಂದು ಹಣ್ಣು!"

"ಆಗಿನ ಡಾಲರ್ ಬೇರೆ, ಈಗಿನದು ಬೇರೆ," ಎಂದೆ.

"ಗೊತ್ತಮ್ಮ. ಆದ್ರೂ ಹೊಟ್ಟೆ ಉರಿಯುತ್ತೆ ಅಲ್ವಾ? ಕೊಂಡ ಕ್ರಿಪ್ಟೊ ಉದ್ಯಮಿ ಜಸ್ಟಿನ್ ಸನ್ ಕ್ಯಾಮೆರಾ ಮುಂದೆ ಅದನ್ನು ಸುಲಿದು ತಿಂದುಬಿಟ್ಟ."

ಹಣ್ಣು ತಿಂದರೂ ಕೃತಿ ಹೋಗಲ್ಲ, ದುಡ್ಡು ಕೊಟ್ಟಿದ್ದು ಸರ್ಟಿಫಿಕೇಟಿಗೆ, ಹೊಸ ಹಣ್ಣು ತಂದು ಅಂಟಿಸಬಹುದು ಅಂತ ನಾನು ವಿವರಿಸಿದೆ. ಮೇಷ್ಟ್ರು ನನ್ನನ್ನು ಫೇಲಾದ ಹುಡುಗಿಯ ಥರ ನೋಡಿದರು.

"ಸರಿ, ಎರಡೂ ಅಡ ಇಡೋಕೆ ಬಂದರೆ ಯಾವುದಕ್ಕೆ ಸಾಲ ಕೊಡ್ತೀರಿ?" ಅಂತ ಅಕ್ಕನನ್ನು ಕೇಳಿದೆ.

"ಅಲಾಸ್ಕಾಕ್ಕೆ. ಅದು ಕೊಳೆಯಲ್ಲ."

"ನಾನಾದ್ರೆ ಬಾಳೆಹಣ್ಣಿಗೆ," ಎಂದರು ವಕೀಲರು. "ಅಲಾಸ್ಕಾ ಮಾರುವಾಗ ಅಲ್ಲಿದ್ದ ಜನರನ್ನು ಯಾರೂ ಕೇಳಿರಲಿಲ್ಲ. ಹಣ್ಣಿನೊಳಗೆ ಬಾಡಿಗೆದಾರರಿಲ್ಲ."