ಅಪ್‌ಡೇಟ್: ಹಳೇ ಲ್ಯಾಪ್‌ಟಾಪ್‌ನಲ್ಲಿ ಅಮ್ಮನ ರಂಗೋಲಿ
ಹೋದ ತಿಂಗಳು ಕೇಳಿದ್ದೆ: 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದೆ, ಆಫೀಸಿನ ಕೋಡಿಂಗ್ ಬೇಜಾರಾಗಿದೆ, ಅಮ್ಮನ ಚುಕ್ಕಿ ರಂಗೋಲಿಯನ್ನು ಪ್ರೋಗ್ರಾಂನಲ್ಲಿ ಬಿಡಿಸಬಹುದಾ ಅಂತ. ನೀವು ಹೇಳಿದ ಹಾಗೆ ಹಳೇ ಯಂತ್ರಕ್ಕೂ ಹಗುರವಾದ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಆಪರೇಟಿಂಗ್ ಸಿಸ್ಟಂ ಹಾಕಿದೆ. ಚೆನ್ನಾಗಿ ಓಡ್ತಿದೆ.

ಪೈಥಾನ್ ಭಾಷೆಯ ಟರ್ಟಲ್‌ನಲ್ಲಿ (ಹೇಳಿದ ಹಾಗೆ ಪರದೆ ಮೇಲೆ ಪೆನ್ ಓಡಿಸಿ ಗೆರೆ ಎಳೆಯುವ ಸೌಲಭ್ಯ) ಶುರು ಮಾಡಿದೆ. ಮೊದಲ ವಾರ ಎಳೆಗಳೆಲ್ಲ ದಿಕ್ಕಾಪಾಲು. ಕಾರಣ ಸಿಕ್ಕಾಗ ನಗು ಬಂತು: ಟರ್ಟಲ್ ಕೋನವನ್ನು ಡಿಗ್ರಿಯಲ್ಲಿ ಕೇಳುತ್ತದೆ, ಗಣಿತಕ್ಕಿರುವ ಮ್ಯಾಥ್ ಮಾಡ್ಯೂಲ್‌ನ ಸೈನ್ (sin) ಲೆಕ್ಕ ರೇಡಿಯನ್ ಅನ್ನೋ ಬೇರೆ ಅಳತೆಯಲ್ಲಿ. ಎರಡನ್ನೂ ಬೆರೆಸಿಬಿಟ್ಟಿದ್ದೆ. ಎಂಟು ವರ್ಷದ ಅನುಭವ ಅಂತೆ ನನಗೆ!

ಶನಿವಾರ ಮಂಡ್ಯಕ್ಕೆ ಹೋಗಿ ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಎಳೆ ಚುಕ್ಕಿ ತುಳೀಬಾರ್ದು ಕಣ್ಲಾ, ಸುತ್ಕೊಂಡು ಹೋಗ್ಬೇಕು" ಅಂದರು. ಜಗಲಿ ಮೇಲೆ ಏಳು ಚುಕ್ಕಿ ಇಟ್ಟು, ಬೆರಳೆತ್ತದೆ ಒಂದೇ ಎಳೆಯಲ್ಲಿ ಮುಗಿಸಿದರು. ನನ್ನ ಕೋಡ್‌ನಲ್ಲಿ ಅದಕ್ಕೆ ನಾಲ್ಕು ಸಲ ಪೆನ್ ಎತ್ತಿದ್ದೆ. ಅಲ್ಲೇ ಕೂತು ಪೂರ್ತಿ ಅಳಿಸಿ ಮತ್ತೆ ಬರೆದೆ.

ಈಗ ನೇರವಾಗಿ ಎಸ್‌ವಿಜಿ ಫೈಲ್ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರ) ಬರುತ್ತದೆ, ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬಣ್ಣ ತುಂಬುತ್ತೇನೆ. ಕೋಡನ್ನು ಜಿಪಿಎಲ್ ಅನ್ನೋ ಮುಕ್ತ ತಂತ್ರಾಂಶ ಪರವಾನಗಿ ಅಡಿ ಬಿಡ್ತೀನಿ. ಯಾರಾದರೂ ತಿದ್ದಿ ಹಂಚಿದರೆ ಅವರ ಕೋಡೂ ಮುಕ್ತವಾಗಿಯೇ ಇರಬೇಕು, ಅದಕ್ಕೆ. ಬಳ್ಳಿ ರಂಗೋಲಿ ಮಾತ್ರ ಇನ್ನೂ ಬಗ್ಗಿಲ್ಲ.