ಅಪ್‌ಡೇಟ್: ಹಾಪ್ಸ್ ಜಾಸ್ತಿ ಇರುವ ರೆಡ್ ಏಲ್

ರೆಡ್ ಏಲ್ ಬಿಯರ್‌ಗೆ ಕೆಂಪು ಬಣ್ಣ ಬೇಕು, ಆದರೆ ಕ್ಯಾರಮೆಲ್ ಸಿಹಿಯು ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ಘಮವನ್ನು ಮುಚ್ಚಬಾರದು, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ಆ ಬಿಯರ್ ಈಗ ಕುಡಿಯಲು ಸಿದ್ಧವಾಗಿದೆ.

ಕ್ಯಾರಮೆಲ್ ಸಿಹಿ ಕೊಡುವ ಕ್ರಿಸ್ಟಲ್ ಮಾಲ್ಟ್ (ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಇಳಿಸಿ, ಬಣ್ಣವನ್ನು ರೋಸ್ಟೆಡ್ (ಹುರಿದ) ಬಾರ್ಲಿಗೆ ಬಿಡಿ ಎಂದಿದ್ದಿರಿ. ಹಾಗೇ ಮಾಡಿದೆ. ಪೇಲ್ ಮಾಲ್ಟ್ ಶೇ. 80, ಮ್ಯೂನಿಕ್ ಮಾಲ್ಟ್ 13, ಕ್ರಿಸ್ಟಲ್ 5, ರೋಸ್ಟೆಡ್ ಬಾರ್ಲಿ ಬರೀ 2. ಬಾರ್ಲಿಯನ್ನು ಮ್ಯಾಶ್ (ಮಾಲ್ಟನ್ನು ಬಿಸಿ ನೀರಲ್ಲಿ ನೆನೆಸುವ ಹಂತ) ಮುಗಿಯುವ ಹೊತ್ತಿಗೆ ಸೇರಿಸಿದ್ದರಿಂದ ಬಣ್ಣ ಬಂತು, ಸುಟ್ಟ ರುಚಿ ಬರಲಿಲ್ಲ. ಬೆಳಕಿಗೆ ಹಿಡಿದರೆ ದಾಳಿಂಬೆ ರಸದ ಹಾಗಿದೆ!

ಮ್ಯಾಶ್ 65 ಡಿಗ್ರಿಯಲ್ಲಿ. ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 1.058ರಿಂದ 1.012ಕ್ಕೆ ಇಳಿಯಿತು, ಅಂದರೆ ಆಲ್ಕೋಹಾಲ್ ಸುಮಾರು ಶೇ. 6. ಯೀಸ್ಟ್ ಮಾಮೂಲಿ ಅಮೆರಿಕನ್ ಏಲ್‌ನದ್ದು.

ಕಹಿಗೆ ಕುದಿಯ ಶುರುವಿನಲ್ಲಿ ಸ್ವಲ್ಪ ಮ್ಯಾಗ್ನಮ್ ಹಾಪ್ಸ್ ಹಾಕಿದೆ. ಉಳಿದ ಹಾಪ್ಸ್ ತಳಿಗಳಾದ ಸಿಮ್ಕೋ, ಸೆಂಟೆನಿಯಲ್ ಎರಡನ್ನೂ ಉರಿ ಆರಿಸಿ 80 ಡಿಗ್ರಿಗೆ ಇಳಿದ ಮೇಲೆ ಹಾಕಿದೆ, ಆಮೇಲೆ ಡ್ರೈ ಹಾಪಿಂಗ್‌ಗೆ (ತಣ್ಣಗಾದ ಬಿಯರ್‌ಗೆ ಘಮಕ್ಕಾಗಿ ಹಾಪ್ಸ್ ಸೇರಿಸುವುದು) ಕೂಡ. ಲೆಕ್ಕದ ಪ್ರಕಾರ 55 ಐಬಿಯು (ಬಿಯರ್‌ನ ಕಹಿಯ ಅಳತೆ). ನೀರಿಗೆ ಹಾಕಿದ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್ ಲವಣ) ಆ ಕಹಿಯನ್ನು ಚುರುಕಾಗಿಸಿದೆ, ಅದನ್ನು ಬಿಡಬೇಡಿ. ಪೈನ್ ವಾಸನೆ ಮೊದಲು, ಹಿಂದೆಯೇ ಕಿತ್ತಳೆ ಸಿಪ್ಪೆ. ಮಾಲ್ಟ್ ಕೊನೆಗೆ ಬರುತ್ತದೆ.

ಮುಂದಿನ ಸಲ ಮ್ಯೂನಿಕ್ ಇನ್ನೂ ಏರಿಸುವ ಆಸೆ. ಕ್ರಿಸ್ಟಲ್ ಮಾತ್ರ ಮುಟ್ಟಲ್ಲ.